ಮೇಲಾ ನಲವತ್ತು

ಪ್ರಿಂಟರಿನ ಕಿರ್ರ್ ಸದ್ದು ತಟ್ಟನೆ ನಿಂತಿತು, ನಿಲ್ತು, ನಿಲ್ತಲ್ಲ ನನ್ನವ್ವಾ, ಶೆವಂತಾಳಿಗೆ ಕುಣಿಯಬೇಕೆನ್ನಿಸಿತು, ಕಂಪ್ಯೂಟರಿನ ಹಸಿರು ಪರದೆಯ ಮೇಲೆ ಒಂದೇ ಸಾಲು, ಇಂಗ್ಲಿಷ್ ಅಕ್ಷರಗಳಲ್ಲಿ ಮೇಲಾ 40 — ನಲವತ್ತನೇ ಸಾಲಿನ ಮ್ಯಾಲ ನೋಡು ಅಂತ ಅವಳೇ ಅದಕ್ಕೆ ಕಲಿಸಿದ ಮಾತು — ಹೋದ ತಿಂಗಳು ಹೀಗೆ ನಿಲ್ಲಲಿಲ್ಲವಲ್ಲ ಇದು, ಗಡಹಿಂಗ್ಲಜಕ್ಕೆ ಹೋಗಿಬರುವ ಬಸ್ಸಿನಲ್ಲಿ ಕೂತು ನಾಲ್ಕು ತಿಂಗಳು ತಲೆಯಲ್ಲೇ ಕಟ್ಟಿದ ಯಂತ್ರ, ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು, ಕಬ್ಬಿಣದ್ದಲ್ಲ, ಬರೀ ಮಾತಿನದು, ಸೀರೆ ಅಂಚಿನ ನಕಾಶೆಯನ್ನು ಅವಳದೇ ಪುಟ್ಟ ಭಾಷೆಯಲ್ಲಿ ಬರೆದರೆ ಸಾಲುಸಾಲಾಗಿ ಓದಿ ಚಿತ್ರ ಬಿಡಿಸಿಕೊಡುವುದು, ಹೋದ ತಿಂಗಳು ಒಳಗೆ ನೆನಪಿಡುವ ಜಾಗ ತೀರಿದರೂ ಬಾಯಿ ಬಿಡದೆ ಮುಂದೆ ಹೋಗಿತ್ತು, ನಿಂತರೆ ಮರ್ಯಾದೆ ಹೋದೀತೆಂದು ಅವಳೇ ಹಾಗೆ ಬರೆದಿದ್ದಳು, ಮೂರ್ಖೆ, ತಲೆಯಿಲ್ಲದ ನವಿಲುಗಳು ಬಂದವು, ಅವನ್ನು ನೋಡಿಕೊಂಡೇ ಅವ್ವ ಮಲಕವ್ವ ಮಗ್ಗಕ್ಕೆ ನಕಾಶೆ ಹೇಳುವ ಇನ್ನೂರು ರಟ್ಟಿನ ಪಟ್ಟಿಗೆ ತೂತು ಹೊಡೆದಳು, ಬೆರಳು ಬಾತುಕೊಂಡವು, ಎಲ್ಲ ಪಟ್ಟಿ ಒಲೆಗೆ — ಇನ್ನೊಮ್ಮೆ ಹಿಂಗಾದ್ರ ಈ ಕಂಪ್ಯೂಟರ್ ಪೆಟಗಿ ಕೊಲ್ಹಾಪುರಕ್ಕ ವಾಪಸ್, ನೀ ನೂಲಿನ ಕಾಂಡಿ ಸುತ್ತಾಕ ಕುಂದ್ರು, ಎಂದಿದ್ದ ಮಗ್ಗಗಳ ಮಾಲೀಕ ಆಬಾಸಾಹೇಬ, ಹತ್ತು ಮಂದಿಯೆದುರು. ಅಲ್ಲ, ಮಗ್ಗಗಳ ಊರು ಇಚಲಕರಂಜಿಯಲ್ಲೇ ಹುಟ್ಟಿ ಇದು ಹೊಳೆಯಲಿಲ್ಲವೇ, ಎಳೆ ಹರಿದರೆ ಮಗ್ಗ ನಿಲ್ಲುತ್ತದೆ, ನಿಲ್ಲದ ಮಗ್ಗವೇ ಕೆಟ್ಟದ್ದು, ತಿದ್ದಲಾಗುವ ತಪ್ಪು ತಿದ್ದಿಕೋ, ಆಗದಿದ್ದರೆ ಅಲ್ಲೇ ನಿಂತು ಎಲ್ಲೆಂದು ಹೇಳು.

ಆದರೆ ಆಬಾಸಾಹೇಬ ಬಂದೇಬಿಟ್ಟ, ಕನ್ನಡಕ ಏರಿಸಿದ, ಪರದೆಗೆ ಬಗ್ಗಿದ, ಮುಖ ಬಿಳುಚಿತು — ಕೋಣ್ ಮೇಲಾ? ಅಯ್ಯೋ ದೇವರೇ, ಮರಾಠಿಯಲ್ಲಿ ಮೇಲಾ ಅಂದರೆ ಸತ್ತ, ಯಾರು ಸತ್ತರು ಅಂತ ಕೇಳುತ್ತಿದ್ದಾನೆ, ದಿನವಿಡೀ ಎರಡೂ ಭಾಷೆ ಆಡುವ ಬಾಯಿಗೆ ಬರೆಯುವಾಗ ನೆನಪಾಗಲಿಲ್ಲ ನೋಡು, ಅವ್ವ ಬೇಕೆಂದೇ ಮಾಡಿನ ಕಡೆ ಕತ್ತೆತ್ತಿದಳು, ಮ್ಯಾಲ ಯಾ ಕೋಣನೂ ಕಾಣವಲ್ದರೀ ಧಣ್ಯಾರ, ನಗಬಾರದು, ಈಗ ನಗಬಾರದು, ಪೆಟ್ಟಿಗೆ ಹೋಗಿಬಿಡುತ್ತದೆ. ಆಬಾಸಾಹೇಬ ಪೆಟ್ಟಿಗೆ ತಟ್ಟಿದ, ಇದ ಸತ್ತೈತಿ ಅಂದ್ರ ವಾಪಸ್ ಕಳಸ್ಲೇನ ಪೋರಿ? ಬ್ಯಾಡ್ರಿ, ತಪ್ಪ ಚಿತ್ರ ಹೊರಗ ಬಿಡಬಾರ್ದಂತ ತಾನಾಗೇ ನಿಂತೈತ್ರಿ, ನಲವತ್ತರ ಮ್ಯಾಲ ನೋಡ್ರಿ. ಮೇಲಿನದು ಮೂವತ್ತೊಂಬತ್ತನೇ ಸಾಲು — ಮಾವಿನಕಾಯೊಳಗೆ ಮಾವಿನಕಾಯಿ, ಅದರೊಳಗೆ ಮತ್ತೆ ಮಾವಿನಕಾಯಿ, ಎಷ್ಟು ಸಲ ಅಂತಿಲ್ಲ, ಪಾಪ, ಯಂತ್ರಕ್ಕೆ ಒಳಗೊಳಗೆ ಹೋಗಿ ಉಸಿರು ಕಟ್ಟಿದೆ. ಈ ಸಾಲ ಬರಸಿದ್ದು ಯಾರು? ಹೇಳಲೋ ಬೇಡವೋ, ನಾಲಿಗೆ ಕೇಳಲಿಲ್ಲ, ನೀವ ರೀ, ಮುಂಜಾನೆ. ಆಬಾಸಾಹೇಬನ ದೊಡ್ಡ ಹೊಟ್ಟೆ ನಗೆಯಿಂದ ಕುಲುಕಿತು, ಆಯ್ಲಾ, ನನ್ನ ತಪ್ಪು ನನಗ ತೋರಿಸ್ತು, ಮೂರ ಸಾಕ, ಮೂರು ಅಂತ ಹಾಕ, ಅವಳು ತಿದ್ದಿದಳು, ಅವನೇ ಗುಂಡಿ ಒತ್ತಿದ, ಕಿರ್ರ್, ಬಂತು, ಮೂರು, ಮೂರು, ಮೂರು ಮಾವಿನಕಾಯಿ, ಒಂದೂ ತಪ್ಪಿಲ್ಲ, ಆ ಶಬ್ದ ಬದಲಿಸಬ್ಯಾಡ, ಸತ್ತದ್ದು ಸತ್ತೆ ಅಂತ ಹೇಳ್ಲಿ, ಪೆಟಗಿ ಇಲ್ಲೇ ಇರ್ಲಿ, ಇರಲಿ ಅಂದನಲ್ಲ, ಅವ್ವಾ ಕೇಳಿದ್ಯಾ, ಅವ್ವ ಕೇಳಿ ಆಗಲೇ ಹೊಸ ರಟ್ಟು ಇಟ್ಟು ಸುತ್ತಿಗೆ ಎತ್ತಿದ್ದಾಳೆ, ಠಣ್, ಒಂದು ತೂತು, ರಟ್ಟು ಎತ್ತಿ ಹಿಡಿದರೆ ಕಿಟಕಿಯ ಬಿಸಿಲು ಅದರೊಳಗಿಂದ ಇಳಿದು ಶೆವಂತಾಳ ಅಂಗೈ ಮೇಲೆ, ದುಂಡಗೆ, ಇನ್ನೊಂದು, ಠಣ್, ದುಂಡಗೆ ಬಿಸಿಲು, ಅಂಗೈ ಮೇಲೆ, ದುಂಡಗೆ —