ಕ್ರೆಸ್‌ವೆಲ್ ಗೆಲ್ಲಲಿ

ಶನಿವಾರ ಮಧ್ಯಾಹ್ನ ಅಪ್ಪ, ತಮ್ಮ, ನಾನು ಮೂವರೂ ಕ್ರೆಸ್‌ವೆಲ್ ಹೈಸ್ಕೂಲಿನ ಮೈದಾನದಲ್ಲಿ, ಅವರ ಕಡೆಯ ಬೆಂಚಿನ ಮೇಲೆಯೇ ಕೂತು, ಕ್ರೆಸ್‌ವೆಲ್ ಗೆಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆವು. ನಮ್ಮ ಹ್ಯಾಡ್ಲಿಯಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮೂರಿನವರು ಕ್ರೆಸ್‌ವೆಲ್‌ನಲ್ಲಿ ಪೆಟ್ರೋಲ್ ಕೂಡ ಹಾಕಿಸುವುದಿಲ್ಲ. ಅಪ್ಪ ನಮ್ಮ ಶಾಲೆಯ ಕೆಂಪು ಟೋಪಿಯನ್ನು ಮನೆಯಲ್ಲೇ ಬಿಟ್ಟು, ಚರ್ಚಿಗೆ ಹಾಕುವ ಕಂದು ಕೋಟು ತೊಟ್ಟು ಬಂದಿದ್ದ.

ಎಲ್ಲ ನನ್ನ ತಮ್ಮ ಕೋಲ್ಬಿಗಾಗಿ. ಅವನಿಗೆ ಇದು ಹೈಸ್ಕೂಲಿನ ಕೊನೆಯ ವರ್ಷ. ಹೆಲ್ಮೆಟ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಬಗ್ಗಿ ನಿಂತು ಎದುರಿನವನನ್ನು ತಳ್ಳುವುದು ನಮ್ಮ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಅವನ ಕೆಲಸ. ಚೆಂಡು ಅವನ ಕೈಗೆ ಬರುವುದೇ ಇಲ್ಲ. ಯಾವ ಕಾಲೇಜೂ ಅವನನ್ನು ಆಟಕ್ಕೆ ಕರೆದಿಲ್ಲ. ಶುಕ್ರವಾರಕ್ಕೆ ನಮ್ಮ ಪಂದ್ಯಗಳೆಲ್ಲ ಮುಗಿದಿದ್ದವು. ಪ್ಲೇಆಫ್‌ಗೆ ಆಯ್ಕೆಯಾದರೆ ಅವನು ಇನ್ನೂ ಆಡುತ್ತಾನೆ, ಇಲ್ಲದಿದ್ದರೆ ಅವನ ಆಟ ಆಗಲೇ ಮುಗಿದಿದೆ.

ಮೊದಲಾಗಿದ್ದರೆ ಗೊಂದಲವೇ ಇರಲಿಲ್ಲ. ಲೀಗ್ ಗೆದ್ದವರು ಪ್ಲೇಆಫ್‌ಗೆ, ಉಳಿದವರು ಮನೆಗೆ. ಈ ವರ್ಷ ಲೀಗ್ ಗೆದ್ದವರು ನಾವೇ. ಆದರೆ ಆ ನಿಯಮ ಹೋಗಿ ಅಂಕಗಳು ಬಂದಿವೆ. ನಾವು ಗೆದ್ದರೆ ನಮಗೆ ಅಂಕ. ನಾವು ಸೋಲಿಸಿದ ತಂಡ ಇನ್ಯಾರನ್ನೋ ಸೋಲಿಸಿದರೆ ಅದಕ್ಕೂ ನಮಗೆ ಅಂಕ. ಹಲವು ಲೀಗ್‌ಗಳು ಸೇರಿದ ನಮ್ಮ ವಲಯದಿಂದ ಎಂಟು ತಂಡಗಳಿಗೆ ಜಾಗ, ನಾವು ಒಂಬತ್ತನೆಯವರು. ನಮ್ಮ ಕೈಲಿ ಸೋತಿದ್ದ ಕ್ರೆಸ್‌ವೆಲ್, ಮಳೆಯಿಂದ ಶನಿವಾರಕ್ಕೆ ಹೋದ ತನ್ನ ಕೊನೆಯ ಪಂದ್ಯ ಗೆದ್ದರೆ ನಾವು ಎಂಟಕ್ಕೆ ಏರುತ್ತೇವೆ.

ಈ ಹೊಸ ನಿಯಮಕ್ಕಾಗಿ ಶಾಲೆಗಳ ಸಭೆ ಸಭೆಯಲ್ಲೂ ಎದ್ದು ನಿಂತು ಮಾತಾಡಿದವನು ನಮ್ಮಪ್ಪನೇ. ಅವನ ಕಾಲದಲ್ಲಿ ಅವನ ತಂಡ ಸೋತದ್ದು ಒಂದೇ ಪಂದ್ಯ, ಅದೂ ಲೀಗ್ ಗೆದ್ದವರ ಎದುರು. ಆದರೂ ಮನೆಗೆ ಕಳಿಸಿದರು. ಗಟ್ಟಿ ತಂಡಗಳನ್ನು ಗೆದ್ದವರಿಗೆ ಬೆಲೆ ಸಿಗಬೇಕು ಎನ್ನುತ್ತಿದ್ದ. ನನಗೆ ಆಗ ಅದು ಸರಿ ಅನ್ನಿಸಿತ್ತು. ಈಗಲೂ ಅದರಲ್ಲಿ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾರೆ.

ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು.

"ನಿಮ್ಮನ್ನ ಈ ಕಡೆ ನೋಡಿದ ಹಾಗಿಲ್ವಲ್ಲ?"

"ಇವತ್ತಿನ ಮಟ್ಟಿಗೆ ನಿಮ್ಮೋರೇ," ಎಂದ ಅಪ್ಪ.

"ಹ್ಯಾಡ್ಲಿಯವ್ರು, ಮ್ಯಾಮ್," ಕೋಲ್ಬಿ ನಿಜ ಹೇಳಿಬಿಟ್ಟ. "ನೀವು ಗೆದ್ರೆ ನಾವು ಪ್ಲೇಆಫ್‌ಗೆ ಹೋಗ್ತೀವಿ."

ಆಕೆ ಕಂಬಳಿ ಜಾರುವಷ್ಟು ನಕ್ಕಳು. "ಅಯ್ಯೋ ದೇವ್ರೇ! ನಾವು ಗೆದ್ರೆ ನಮಗೇ ಏನೂ ಇಲ್ವಲ್ಲೋ. ಈ ವರ್ಷ ಗೆದ್ದಿರೋದೇ ಎರಡು."

ಅವಳ ಹೆಸರು ಡೆನೀಸ್. ನಮಗೂ ಒಂದೊಂದು ಲೋಟ ಬಿಸಿ ಕೋಕೋ ಕೊಟ್ಟಳು. ಅರ್ಧ ಆಟ ಮುಗಿದಾಗ ಕ್ರೆಸ್‌ವೆಲ್ ಇಪ್ಪತ್ತು, ಎದುರಾಳಿ ಹಳದಿ ಅಂಗಿಯವರು ಏಳು. ಅಪ್ಪ ಶಿಳ್ಳೆ ಹಾಕಿದ.

ವಿರಾಮದ ನಂತರ ಕ್ರೆಸ್‌ವೆಲ್ ಕೋಚ್ ತನ್ನ ಒಳ್ಳೆಯ ಆಟಗಾರರನ್ನೆಲ್ಲ ಕೂರಿಸಿದ. ನಾಲ್ಕು ವರ್ಷ ತಾಲೀಮು ಮಾಡಿಯೂ ಒಮ್ಮೆಯೂ ಅಂಗಳಕ್ಕೆ ಇಳಿಯದವರನ್ನು ಇಳಿಸಿದ. ಅವರಿಗೂ ಕೊನೆಯ ವರ್ಷ; ಸೋತರೂ ಗೆದ್ದರೂ ಅವರಿಗೆ ಒಂದೇ. ಡೆನೀಸ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಹಳದಿಯವರು ನುಗ್ಗಿ ನುಗ್ಗಿ ಬಂದರು. ಇಪ್ಪತ್ತಕ್ಕೆ ಹದಿನಾಲ್ಕಾಯಿತು.

ಅಪ್ಪ ಎದ್ದು ನಿಂತ. "ಏನ್ರೀ ಕೋಚ್, ಆಡೋರನ್ನ ಇಳಿಸ್ರೀ! ಆ ಅರವತ್ನಾಲ್ಕು ನಂಬರಿನವನ್ನ ತೆಗೀರಿ, ಗಾಳಿಗೇ ಬೀಳ್ತಾನೆ ಅವನು!"

"ಆ ಅರವತ್ನಾಲ್ಕು ನನ್ನ ಮಗ, ಓವನ್," ಎಂದಳು ಡೆನೀಸ್.

ಅಪ್ಪ ತಡವರಿಸಿದ. "ಒಳ್ಳೆ ಹುಡುಗನೇ ಇರ್ಬೋದಮ್ಮಾ. ಆದ್ರೆ ಗೆಲ್ಲೋ ಆಟ ಇದು. ನನ್ನ ಮಗ ಮತ್ತೆ ಆಡ್ತಾನೋ ಇಲ್ವೋ ಅನ್ನೋದು ಇದರ ಮೇಲಿದೆ."

"ನನ್ನ ಮಗಂಗೆ ಇದೇ ಮೊದಲ್ನೇದು, ಇದೇ ಕೊನೇದು. ಕೂತ್ಕೊಳ್ರೀ, ಕಾಣ್ತಿಲ್ಲ."

"ಮಾರ್ನಿ, ನೀನು ಓದಿದೋಳು, ನೀನಾದ್ರೂ ಹೇಳೇ!" ಅಪ್ಪ ನನ್ನ ಕಡೆ ತಿರುಗಿದ. ಮುಂದಿನ ಬೆಂಚಿನವರೂ ತಿರುಗಿದರು. ಅಪ್ಪ ಹೇಳುವಾಗ ಅಪ್ಪನದು ಸರಿ, ಅವಳು ಹೇಳುವಾಗ ಅವಳದು ಸರಿ. ತಣ್ಣಗಾದ ಕೋಕೋ ಕುಡಿಯುತ್ತಾ ಕೂತೆ.

ಎರಡು ನಿಮಿಷವಿತ್ತು. ಹಳದಿಯವರು ಅಂಕದ ಗೆರೆಯ ಹತ್ತಿರಕ್ಕೇ ಬಂದಿದ್ದರು. ಓವನ್ ನೆಟ್ಟಗೆ ನಿಲ್ಲುತ್ತಿದ್ದ, ಪ್ರತಿ ಸಲ ಅಂಗಾತ ಬೀಳುತ್ತಿದ್ದ. ಕೋಲ್ಬಿ ಇದ್ದಕ್ಕಿದ್ದಂತೆ ಮೈದಾನದ ಅಂಚಿನ ಕಂಬಿಯ ತನಕ ಇಳಿದು ಹೋಗಿ ಕೂಗಿದ:

"ಅರವತ್ನಾಲ್ಕು! ಸೊಂಟ ಇಳಿಸೋ! ಇನ್ನೂ ಕೆಳಗೆ! ಅವನ ಎದೆ ನೋಡು, ಮುಖ ನೋಡ್ಬೇಡ!"

ಓವನ್ ಬಗ್ಗಿದ. ಈ ಸಲ ಎದುರಿನ ದಡಿಯ ಎರಡು ಹೆಜ್ಜೆ ಹಿಂದೆ ಹೋಗಿ ಕುಸಿದ. ಡೆನೀಸ್ ಕಿರುಚಿದಳು. ಕೋಲ್ಬಿ ಎರಡೂ ಕೈ ಎತ್ತಿ ಕುಣಿದ. ಮುಂದಿನ ಸಲ ಹಳದಿಯವರು ಇನ್ನೊಂದು ಬದಿಯಿಂದ ಓಡಿ ಗೆರೆ ದಾಟಿ ಆರು ಅಂಕ ಪಡೆದರು, ಆಮೇಲೆ ಚೆಂಡನ್ನು ಒದ್ದು ಇನ್ನೊಂದು ಅಂಕ ಗಳಿಸಿದರು. ಇಪ್ಪತ್ತೊಂದು, ಇಪ್ಪತ್ತು. ಅಲ್ಲಿಗೆ ಮುಗಿಯಿತು.

ಕೋಲ್ಬಿ ಕೂಗಿದ್ದು ತನಗಾಗಿಯೋ ಓವನ್‌ಗಾಗಿಯೋ, ನನಗೆ ತಿಳಿಯಲಿಲ್ಲ. ಸೋತ ಹುಡುಗರು ಓವನ್‌ನನ್ನು ಎತ್ತಿಕೊಂಡು ಗಲಾಟೆ ಮಾಡುತ್ತಿದ್ದರು. ಕಂಬಳಿ ಮಡಿಸುತ್ತಿದ್ದ ಡೆನೀಸ್, ಮೆಟ್ಟಿಲು ಹತ್ತಿ ವಾಪಸು ಬಂದ ಕೋಲ್ಬಿಯನ್ನು ನೋಡಿದಳು.

"ನಾನೀಗ ಸಾರಿ ಕೇಳ್ಬೇಕೇನಪ್ಪಾ?"

"ಗೊತ್ತಿಲ್ಲ, ಮ್ಯಾಮ್," ಎಂದ. ಆಮೇಲೆ ಮತ್ತೆ ಕೆಳಗೆ ಓಡಿ, ಕಂಬಿ ಹಾರಿ ಮೈದಾನಕ್ಕೆ ಇಳಿದ.

"ಮುಂದಿನ ಸಭೇಲಿ ಎದ್ದು ಹೇಳ್ತೀನಿ," ಅಪ್ಪ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. "ಲೀಗ್ ಗೆದ್ದೋರಿಗೆ ನೇರ ಜಾಗ ಕೊಡ್ಬೇಕು. ಮಿಕ್ಕಿದ್ದೆಲ್ಲ ಆಮೇಲೆ."

"ಅದು ಹಳೇ ನಿಯಮ ಅಲ್ವಾ, ಅಪ್ಪ?"

ಅವನ ಕೈ ಗುಂಡಿಯ ಮೇಲೇ ನಿಂತಿತು. "ಹೌದಲ್ವಾ," ಎಂದ ಮೆಲ್ಲಗೆ. ಉತ್ತರ ನನ್ನ ಹತ್ತಿರ ಇದೆ ಎಂಬಂತೆ ನನ್ನನ್ನೇ ನೋಡಿದ.

ಕೆಳಗೆ ಕೆಸರು ಹುಲ್ಲಿನ ಮೇಲೆ ಕೋಲ್ಬಿ, ಜೀನ್ಸ್‌ನಲ್ಲೇ, ಒಂದು ಕೈ ನೆಲಕ್ಕೂರಿ ಬಗ್ಗಿದ್ದ. ಎದುರಿಗೆ ಓವನ್, ಹಾಗೆಯೇ. ಇಬ್ಬರೂ ಒಟ್ಟಿಗೆ ಎದ್ದು ಭುಜಕ್ಕೆ ಭುಜ ಕೊಟ್ಟು ತಳ್ಳಿದರು, ಮತ್ತೆ ಹಿಂದೆ ಸರಿದು ಬಗ್ಗಿದರು.

"ಕರಿಯೇ ಅವನನ್ನ, ಹೋಗೋಣ," ಎಂದ ಅಪ್ಪ.

ಕರೆಯುವ ಬದಲು ಮತ್ತೆ ಬೆಂಚಿನ ಮೇಲೆ ಕೂತೆ. ಅಪ್ಪನೂ ಪಕ್ಕದಲ್ಲಿ ಬಂದು ಕೂತ.