ಹಗುರದ ಈಡು

ಚಿತ್ರದಲ್ಲಿ ಒಂದು ಕಿಟಕಿಯ ಹಾಸುಗಲ್ಲು. ಸುಣ್ಣ ಬಳಿದ ಗೋಡೆ, ಮರದ ಚೌಕಟ್ಟು, ಆಚೆ ತಂತಿಬೇಲಿ. ಬೇಲಿಯಾಚೆ ಹುಲ್ಲು ಒಣಗಿ ಬೆಳ್ಳಗಾದ ಬಯಲು, ಬಯಲಿನ ತುದಿಯಲ್ಲಿ ಕೊಡೆಯಂತೆ ಬಿಚ್ಚಿಕೊಂಡ ಒಂಟಿ ಮುಳ್ಳುಮರ. ಹಾಸುಗಲ್ಲಿನ ಮೇಲೆ ಎರಡು ತೋಟಾಗಳು ನೆಟ್ಟಗೆ ನಿಂತಿವೆ. ಎರಡರ ಹಿತ್ತಾಳೆಯ ಕೊಳವೆಯೂ ಒಂದೇ ಎತ್ತರ, ಒಂದೇ ದಪ್ಪ. ಮೂತಿ ಮಾತ್ರ ಬೇರೆ. ಎಡಗಡೆಯ ಗುಂಡು ಸೂಜಿಯಂತೆ ಚೂಪು, ತುದಿಗೆ ಕೆಂಪು ಪ್ಲಾಸ್ಟಿಕ್ಕಿನ ಚುಕ್ಕೆ. ಬಲಗಡೆಯದು ಮೊಂಡು, ತುದಿಯಲ್ಲಿ ಬೂದು ಸೀಸ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದು ಎರಡಕ್ಕೂ ತಮ್ಮ ಗಾತ್ರಕ್ಕೆ ಮೀರಿದ ನೆರಳು ಕೊಟ್ಟಿದೆ. ಅಲುಗುವಂಥದ್ದು ಆ ಚಿತ್ರದಲ್ಲಿ ಏನೂ ಇಲ್ಲ.

"ಎಂತದು ಪೊರ್ಬುಗಳೇ, ಅಷ್ಟು ಹೊತ್ತು ನೋಡ್ತೀರಿ? ಹುಡುಗಿಯ ಫೋಟೋವಾ?" ಎಂದ ಮುತ್ತಲಿಬ್.

"ಹುಡುಗಿಯದ್ದಾದ್ರೆ ನಿನ್ನ ಮನೆಯಲ್ಲಿ ಕೂತು ನೋಡ್ತಿದ್ದೆನಾ ಬ್ಯಾರಿ? ಹೆಂಡ್ರಿಕ್ ಕಳಿಸಿದ್ದು. ಯಾವ ಈಡು ಬೇಕು ಅಂತ ಇವತ್ತೇ ಹೇಳ್ಬೇಕು," ಎಂದು ಸ್ಯಾಮುವೆಲ್ ಫೋನನ್ನು ಗೆಳೆಯನತ್ತ ತಿರುಗಿಸಿದ.

ಕುವೈತಿನ ಫರ್ವಾನಿಯಾದ ಆ ಫ್ಲ್ಯಾಟಿನಲ್ಲಿ ಶುಕ್ರವಾರದ ಊಟ ಆಗಷ್ಟೇ ಮುಗಿದಿತ್ತು. ಹೊರಗೆ ಜೂನ್ ತಿಂಗಳ ಬಿಸಿಲು. ಒಳಗೆ ಏಸಿಯ ಗೊರಗೊರ. ಜಹ್ರಾದಲ್ಲಿ ಡೇರೆಗಳ ಅಂಗಡಿ ನಡೆಸುವ ಮುತ್ತಲಿಬ್ ಹಾಸಿನ ಮೇಲೆ ಒರಗಿದ್ದ. ಅಬು ಹಲೀಫಾದಿಂದ ಬಂದ ಸ್ಯಾಮುವೆಲ್ ಸೋಫಾದಲ್ಲಿ ಕುಳಿತಿದ್ದ. ಮಂಗಳೂರು ಕಡೆಯ ರೂಢಿಯಂತೆ ಕ್ರೈಸ್ತನಾದ ಇವನು ಅವನಿಗೆ ಪೊರ್ಬು, ಮುಸ್ಲಿಮನಾದ ಅವನು ಇವನಿಗೆ ಬ್ಯಾರಿ.

ಹೆಂಡ್ರಿಕ್ ಒಂದು ಕಾಲಕ್ಕೆ ಸ್ಯಾಮುವೆಲ್‌ನೊಂದಿಗೆ ಒಂದೇ ಎಣ್ಣೆ ಕಂಪೆನಿಯಲ್ಲಿ ದುಡಿದು, ಈಗ ನಮೀಬಿಯಾದ ತನ್ನ ಜಮೀನಿಗೆ ಮರಳಿದವನು. ಊರಿನಲ್ಲಿ ಬೇಟೆಗೆ ಕಾನೂನು ಬಿಡುವುದಿಲ್ಲ, ಇಲ್ಲಿ ಪರದೇಶಿಯ ಕೈಗೆ ಕೋವಿಯಿಲ್ಲ. ಹುಡುಗನಾಗಿದ್ದಾಗಿನ ಆಸೆಯೊಂದನ್ನು ಸ್ಯಾಮುವೆಲ್ ಮುದುಕನಾಗುವವರೆಗೂ ಒಣಗಲು ಬಿಡದೆ ಕಾಪಾಡಿಕೊಂಡು ಬಂದಿದ್ದ. ಅವನ ಇಕಾಮಾ, ಎಂದರೆ ಕುವೈತಿನ ವಾಸದ ಪರವಾನಗಿ, ಮುಗಿಯುವ ಮುನ್ನ ಒಮ್ಮೆ ಬಾ ಎಂದು ಹೆಂಡ್ರಿಕ್ ಕರೆದಿದ್ದ. "ಕೋವಿ ನನ್ನ ಅಪ್ಪನದು. ಬೇರೆಯವರ ಕೈಗೆ ಕೊಟ್ಟವನಲ್ಲ. ನಿನ್ನನ್ನು ನಂಬಿ ಕೊಡುತ್ತೇನೆ," ಎಂದಿದ್ದ. ಆ ನಂಬಿಕೆಯ ಬಲದ ಮೇಲೆಯೇ ಸ್ಯಾಮುವೆಲ್ ಮುತ್ತಲಿಬನನ್ನೂ ಜೊತೆಗೆ ಸೇರಿಸಿಕೊಂಡಿದ್ದ. ತಲೆಗೊಂದು ಮೃಗ: ಈಟಿಯಂಥ ನೇರ ಕೊಂಬಿನ, ಎತ್ತಿನಂತೆ ಭುಜ ಬೆಳೆದ ಗೆಮ್ಸ್‌ಬಾಕ್ ಎಂಬ ದೊಡ್ಡ ಹುಲ್ಲೆ.

ಹೆಂಡ್ರಿಕ್ ನಾಳೆ ದೂರದ ಪೇಟೆಗೆ ಹೋಗಿ ಒಂದೇ ಬಗೆಯ ತೋಟಾ ಕೊಳ್ಳುವವನಿದ್ದ. ಗುಂಡಿನ ತೂಕ ಬದಲಾದರೆ ಅದು ತಾಗುವ ಜಾಗವೂ ಬದಲಾಗುತ್ತದೆ. ಹಾಗಾಗಿ ಕೊಂಡದ್ದಕ್ಕೇ ಕೋವಿಯ ಗುರಿಯನ್ನು ಹೊಂದಿಸಿ ಇಡುತ್ತಾನೆ. ಕೆಂಪು ಚುಕ್ಕೆಯ ಹಗುರದ್ದು ಸಣ್ಣ ಜಿಂಕೆಗಳಿಗೆ. ಮೊಂಡು ಮೂತಿಯದು ದೊಡ್ಡ ಮೃಗಕ್ಕೆ.

"ಮೊಂಡಿನದ್ದು ಅಂತ ಬರೀತೇನೆ," ಎಂದ ಸ್ಯಾಮುವೆಲ್.

"ಬರೀಬೇಡಿ. ನಾನು ಬೆಳಿಗ್ಗೆಯೇ ಗ್ರೂಪಿನಲ್ಲಿ ಬರೆದಾಯ್ತು. ಕೆಂಪು ಚುಕ್ಕೆ."

ಸ್ಯಾಮುವೆಲ್ ಪರದೆಯನ್ನು ಮೇಲಕ್ಕೆ ಸರಿಸಿದ. ನಿಜ. ಚಿತ್ರದ ಕೆಳಗೆ ಮುತ್ತಲಿಬನ ಇಂಗ್ಲಿಷು ಇತ್ತು, ಪಕ್ಕದಲ್ಲಿ ಒಂದು ಹೆಬ್ಬೆರಳು.

"ಅದು ಭುಜದ ಎಲುಬಿಗೆ ತಾಗಿದ ಕೂಡಲೇ ಚೂರಾಗ್ತದೆ ಮಾರಾಯ. ಒಳಗೆ ಇಳಿಯುವುದಿಲ್ಲ. ಮೃಗ ಮೂರು ಕಾಲಲ್ಲಿ ಓಡ್ತದೆ."

"ಅದೇ ಬೇಕಾದದ್ದು. ಬೀಳ್ಬೇಕು, ಸಾಯ್ಬಾರದು. ಜೀವ ಇರುವಾಗ ನಾನು ಹೋಗಿ ಕತ್ತಿ ಹಾಕ್ಬೇಕು. ಹಲಾಲ್ ಆಗ್ಬೇಕಲ್ಲ? ನಿಮಗೆಂತ, ನೀವು ಹೇಗೆ ಸತ್ತದ್ದನ್ನೂ ತಿಂತೀರಿ."

ಆ ಮಾತಿಗೆ ಸ್ಯಾಮುವೆಲ್ ಬೇರೆ ದಿನವಾದರೆ ನಗುತ್ತಿದ್ದ. ಈ ದಿನ ಅವನ ಕಿವಿಯ ಬುಡ ಬಿಸಿಯಾಯಿತು.

"ಮೃಗದ ಬಲಕ್ಕೆ ಈಡಾದದ್ದೇ ಈಡು ಮುತ್ತಲಿಬ್. ನಿನ್ನ ಕತ್ತಿಗೆ ಕಾಯಲಿ ಅಂತ ಅದರ ಜೀವವನ್ನು ಅರ್ಧ ಉಳಿಸಿ ಇಡ್ಲಿಕ್ಕೆ ನೀನು ಯಾರು? ಮುಳ್ಳಿನ ಒಳಗೆ ನುಗ್ಗಿದ ಮೇಲೆ ಆ ಕೊಂಬಿನ ಹಿಂದೆ ಯಾರು ಓಡುವುದು? ನೀನಾ? ಮೆಟ್ಟಲು ಹತ್ತಿದ್ರೆ ಏದುಸಿರು ಬಿಡುವವ!"

"ನಾನ್ಯಾಕೆ ಓಡ್ಲಿ? ಓಡ್ಲಿಕ್ಕೆ ಅವರ ಜನ ಇದ್ದಾರಲ್ಲ. ಅದಕ್ಕೇ ಅಲ್ವಾ ದುಡ್ಡು ಕೊಡುವುದು?"

ಆ ವಾಕ್ಯ ಹೊಸದಲ್ಲ. ಈ ಮರಳಿನಲ್ಲಿ ಬದುಕಿದವರೆಲ್ಲ ಅದನ್ನು ಕೇಳಿದ್ದರು, ಆದರೆ ಬೇರೆ ಬಾಯಿಗಳಿಂದ.

"ಜಹ್ರಾದಲ್ಲಿ ನಿನಗೆ ವೀಸಾ ಕೊಟ್ಟ ಕಫೀಲ್ ನಿನ್ನ ಕಡೆ ಬೆರಳು ತೋರಿಸಿ ಎಂತ ಹೇಳ್ತಾನೆ?" ಸ್ಯಾಮುವೆಲ್ ಸೋಫಾದ ಅಂಚಿಗೆ ಸರಿದ. "ಬಿಸಿಲಲ್ಲಿ ಡೇರೆ ಕಟ್ಟಲಿಕ್ಕೆ 'ನನ್ನ ಜನ ಇದ್ದಾರೆ' ಅಂತ ತಾನೇ? ಆವತ್ತು ಇದೇ ಜಾಗದಲ್ಲಿ ಕೂತು ನೀನು ಹಲ್ಲು ಕಡಿದದ್ದು ಮರೆತುಹೋಯ್ತಾ? ನಾವೂ ಯಾರದ್ದೋ ಜನವೇ ಬ್ಯಾರಿ!"

"ಭಾಷಣ ಬೇಡ. ನಮ್ಮ ದೀನಿನ, ಧರ್ಮದ ವಿಷಯ ನೀವು ನನಗೆ ಹೇಳಿಕೊಡ್ಬೇಡಿ."

"ನಾನು ಹೇಳಿಕೊಡ್ಬಹುದಾ?"

ಮುತ್ತಲಿಬನ ಹೆಂಡತಿ ಕದೀಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸುಲೈಮಾನಿಯ ತಟ್ಟೆ. ಅವಳು ತಟ್ಟೆಯನ್ನು ಕೆಳಗಿಟ್ಟ ರಭಸಕ್ಕೆ ಎರಡೂ ಲೋಟಗಳ ಚಹಾ ತುಳುಕಿತು.

"ಅಲ್ಲಾಹನ ಹೆಸರಲ್ಲಿ ಬಿಸ್ಮಿ ಹೇಳಿ ಈಡು ಹೊಡೆದ್ರೆ ಸಾಕು ಅಂತ ಮದ್ರಸದ ಮಕ್ಕಳಿಗೂ ಗೊತ್ತುಂಟು. ಕತ್ತಿ ಹರಿತ ಮಾಡು ಅಂತ ಹೇಳಿದ್ದು ಯಾಕೆ? ಪ್ರಾಣಿ ನರಳಬಾರದು ಅಂತ. ನೀವು ನರಳಿಸ್ಲಿಕ್ಕೇ ಈಡು ಆರಿಸ್ತೀರಾ? ಹಲಾಲ್ ಅಂತೆ! ಕತ್ತಿ ಹಿಡಿದ ಫೋಟೋ ಬೇಕು ನಿಮಗೆ, ಅಣ್ಣ ತಮ್ಮಂದಿರಿಗೆ ಕಳಿಸ್ಲಿಕ್ಕೆ."

"ನೀನು ಒಳಗೆ ಹೋಗು ಕದೀಜಾ."

"ಹೋಗುವುದಿಲ್ಲ. ಓಡ್ಲಿಕ್ಕೆ ಜನ ಇದ್ದಾರೆ ಅಂದ್ರಲ್ಲ? ಊರಲ್ಲಿ ಗುತ್ತಿನ ಮನೆಯ ಧಣಿಗಳು ಕಡವೆಗೆ ಈಡು ಹೊಡೆದು ನೆರಳಲ್ಲಿ ಕೂತಾಗ ಕತ್ತಿ ಹಿಡಿದು ಓಡಿದ ಜನ ಯಾರು? ನನ್ನಪ್ಪ. ಅರೆಜೀವದ ಕಡವೆ ತಿರುಗಿ ಒದ್ದದ್ದು ಅವರ ಸೊಂಟಕ್ಕೆ. ನಿಖಾದ ದಿವಸ ಕುರ್ಚಿಯಲ್ಲಿ ಕೂತೇ ನಿಮ್ಮ ಕೈ ಹಿಡಿದ್ರು, ನೆನಪುಂಟಾ? ಮಾವನಿಗೆ ಗರ್ವ ಅಂತ ನಿಮ್ಮ ಮನೆಯವರು ಹೇಳ್ತಿದ್ರು. ಗರ್ವ ಅಲ್ಲ. ಎದ್ದು ನಿಲ್ಲಲಿಕ್ಕೆ ಆಗ್ತಿರ್ಲಿಲ್ಲ."

ಮುತ್ತಲಿಬ್ ಹಾಸಿನ ಅಂಚಿನ ದಾರವನ್ನು ಬೆರಳಿಗೆ ಸುತ್ತಿ ಎಳೆದ. ಒಂದು ಮಾತು, ಬರಿಯ ಒಂದು 'ಹೌದು', ಆ ಕ್ಷಣದಲ್ಲಿ ಸಾಕಾಗುತ್ತಿತ್ತು. ಹೆಂಡತಿಯೂ ಗೆಳೆಯನೂ ಅದಕ್ಕಾಗಿ ಕಾದರು.

"ಬೇಕಾದ್ರೆ ಮೊಂಡಿನದ್ದೇ ತರಿಸಿ," ಎಂದ ಅವನು ಕೊನೆಗೆ, ಹಾಸನ್ನೇ ನೋಡುತ್ತ. "ನಾನು ಕಾಲಿಗೆ ಹೊಡೀತೇನೆ. ಕೋವಿಯ ಕುದುರೆ ಒತ್ತುವ ಬೆರಳು ನನ್ನದು. ಖಲಾಸ್."

ಕದೀಜಾ ಕಣ್ಣು ಮುಚ್ಚಿಕೊಂಡಳು.

ಸ್ಯಾಮುವೆಲ್ ಫೋನನ್ನು ತುಟಿಯ ಬಳಿಗೆ ತಂದ. "ಹೆಂಡ್ರಿಕ್, ಮೊಂಡು ಮೂತಿಯದನ್ನು ತೆಗೆದುಕೋ," ಎಂದು ಇಂಗ್ಲಿಷಿನಲ್ಲಿ ಹೇಳಿದ. "ಬರುವವನು ನಾನೊಬ್ಬನೇ. ನಿನ್ನ ಕೋವಿಯನ್ನು ಇನ್ನೊಬ್ಬರ ಕೈಗೆ ಕೊಡಿಸಲಾರೆ." ಕಳಿಸುವ ಗುಂಡಿಯನ್ನು ಒತ್ತಿದ.

"ಎಲ್ಲೋ ಓಡುವ ಒಬ್ಬ ಕರಿಯನ ಕಾಲಿಗೋಸ್ಕರ, ಒಂದು ಕಾಡುಮೃಗಕ್ಕೋಸ್ಕರ, ಇಷ್ಟು ವರ್ಷದ ದೋಸ್ತಿ ಬಿಡ್ತೀರಾ ನೀವು?" ಮುತ್ತಲಿಬ್ ಎದ್ದು ಕುಳಿತಿದ್ದ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ನೀನು ಈಗ ಆಡಿದ ಇದೊಂದು ಮಾತಿಗೇ ಬಿಡ್ತೇನೆ," ಎಂದ ಸ್ಯಾಮುವೆಲ್.

ಅವನು ಎದ್ದು, ತಟ್ಟೆಯತ್ತ ಬಾಗಿ, ತುಳುಕಿ ಅರ್ಧವಾಗಿದ್ದ ಚಹಾವನ್ನು ನಿಂತೇ ಕುಡಿದ. ಕದೀಜಾ ಮಾಡಿದ್ದನ್ನು ಬಿಟ್ಟು ಹೋಗುವುದು ಅವನಿಂದಾಗಲಿಲ್ಲ. ಬಾಗಿಲ ಬಳಿ ಚಪ್ಪಲಿಯನ್ನು ಕಾಲಿನಿಂದಲೇ ಹುಡುಕಿದ. ಪ್ರತಿ ಶುಕ್ರವಾರ ಲಿಫ್ಟಿನವರೆಗೂ ಬಂದು, ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಇಟ್ಟು, ಇನ್ನೂ ಒಂದು ತಮಾಷೆ ಹೇಳಿಯೇ ಬೀಳ್ಕೊಡುತ್ತಿದ್ದ ಮನುಷ್ಯ ಇಂದು ಎದ್ದು ಬರಲಿಲ್ಲ.

"ಬರ್ತೇನೆ ತಂಗಿ," ಎಂದ ಸ್ಯಾಮುವೆಲ್.

"ಹುಷಾರು ಸ್ಯಾಮಣ್ಣ," ಎಂದಳು ಕದೀಜಾ. ಅವನು ಹೊಸ್ತಿಲು ದಾಟಿದ ಮೇಲೆ, ಗಂಡನ ಕಡೆಗೆ ತಿರುಗದೆ, ಅವಳೇ ಬಾಗಿಲನ್ನು ಮುಚ್ಚಿದಳು.