ಮಡ್‌ಗಾರ್ಡಿನ ಮೇಲಿನ ಜಾಗ

ಹಸುವಿನ ಕೆಚ್ಚಲು ತೊಳೆದು ಹಾಲು ಕರೆಯಲು ಕೂತಿದ್ದೆ ಅಷ್ಟೆ, ಬೇಲಿಯಾಚೆ ಬೈಕು ನಿಂತ ಸದ್ದಾಯಿತು. ಹಸು ಬೆದರಿ ಹಾಲು ಬಿಗಿಹಿಡಿಯಿತು. ತಾಳವಾಡಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ದೇವರಾಜು ತಲೆಗೆ ಮಫ್ಲರ್ ಸುತ್ತಿಕೊಂಡು, ಅಳತೆ ಟೇಪು ಹಿಡಿದು ಅಂಗಳಕ್ಕೆ ಬಂದ.

“ಅಕ್ಕಾ, ಅಣ್ಣ ಎದ್ದವ್ನಾ?”

ನಾನು ಹೇಳುವ ಮೊದಲೇ ಒಳಗಿನಿಂದ ನಮ್ಮವರ ಕೆಮ್ಮು ಕೇಳಿಸಿತು.

“ಎದ್ದವ್ರ ಕಣಪ್ಪ, ನೀನೇ ಕೇಳುಸ್ಕೊ,” ಎಂದೆ.

ನಮ್ಮದು ದೊಡ್ಡಗಾಜನೂರಿನಾಚೆ, ಕಾಡಂಚಿನ ಹೊಲದಲ್ಲೇ ಕಟ್ಟಿದ ಮನೆ. ಕೋಸಿನ ಸಾಲುಗಳ ನಡುವೆ ನುಗ್ಗಲಿ ಎಂದು ಕೊಂಡ ಚಿಕ್ಕ ಟ್ರಾಕ್ಟರ್ ಇದೆ. ಕೋಸು ಕೊಯ್ದ ಮರುದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮವರು ಅದಕ್ಕೇ ಟ್ರೈಲರ್ ಕಟ್ಟಿ ತಾಳವಾಡಿ ಮಾರ್ಕೆಟ್ಟಿಗೆ ಹೊರಡುತ್ತಾರೆ. ಮೇಲೆ ಸೂರಿಲ್ಲ, ಪಕ್ಕಕ್ಕೆ ಮರೆಯಿಲ್ಲ. ಮಾರ್ಗಶಿರದ ಮಂಜು, ಎದೆಗೆ ನೇರ ಗಾಳಿ. ಎರಡು ಕಂಬಳಿ ಹೊದ್ದರೂ ಈ ಸಲ ಕೆಮ್ಮು ಬಿಡಲಿಲ್ಲ. ಚಾಮರಾಜನಗರದ ಡಾಕ್ಟರು ಎದೆಗೆ ಶೀತ ತಾಗದಂತೆ ನೋಡಿಕೊಳ್ಳಿ ಎಂದರು. ಹೊತ್ತೇರಿದ ಮೇಲೆ ಹೋದರೆ ಕೋಸು ಕೊಳ್ಳುವವರು ಇರುವುದಿಲ್ಲ. ಹಾಗಾಗಿ ಟ್ರಾಕ್ಟರಿಗೆ ಮುಚ್ಚಿದ ಕ್ಯಾಬಿನ್ ಕೂರಿಸುವ ಮಾತು ಬಂತು.

ಆ ಮಾತು ಬಂದ ದಿನದಿಂದ ನಮ್ಮ ಬಿಂದುಶ್ರೀ ಮೆತ್ತಗಾಗಿದ್ದಳು.

ಅವಳು ನಾಲ್ಕನೇ ಕ್ಲಾಸು. ಕೋಸು ಹೋಗುವ ದಿನ ಅವಳೂ ಅಪ್ಪನ ಎಡಕ್ಕೆ ಮಡ್‌ಗಾರ್ಡಿನ ಮೇಲೆ ಹತ್ತಿ ಸ್ಕೂಲಿಗೆ ಹೋಗುತ್ತಾಳೆ. ಲಂಟಾನದ ಪೊದೆಗಳ ನಡುವಿನ ದಾರಿಗೆ ಇಳಿಯುವ ಮೊದಲು ಇಲ್ಲಿ ಎಲ್ಲರೂ ಇಂಜಿನ್ ಆರಿಸಿ ಆಲಿಸುತ್ತಾರೆ, ಆನೆ ಇದ್ದರೆ ರೆಂಬೆ ಮುರಿಯುವ ಸದ್ದು ಬರುತ್ತದೆ. ಇಂಜಿನ್ ಆರಿದ ಮೇಲೂ ನಮ್ಮವರ ಕಿವಿಯಲ್ಲಿ ಅದರ ಗುಂಯ್ ನಿಲ್ಲುವುದಿಲ್ಲ. ಹಾಗಾಗಿ ಆಲಿಸುವ ಕೆಲಸ ಬಿಂದುವಿನದು. ಅವಳು ಕಣ್ಣು ಮುಚ್ಚಿ, ಉಸಿರು ಹಿಡಿದು ಕೇಳಿ, “ಇಲ್ಲ ಕಣಪ್ಪ, ಓಗು,” ಅಂದ ಮೇಲೆಯೇ ಗಾಡಿ ಮುಂದಕ್ಕೆ. ಅವಳು ಕೂತೂ ಕೂತೂ ಮಡ್‌ಗಾರ್ಡಿನ ಬಣ್ಣ ಅಲ್ಲಿ ಒಂದು ತಟ್ಟೆಯಗಲ ಸವೆದಿದೆ.

ನಿನ್ನೆ ಜಡೆ ಹಾಕುವಾಗ, “ಅವ್ವ, ಕ್ಯಾಬಿನ್ ಆಕುದ್ರ...” ಎಂದು ಶುರು ಮಾಡಿದಳು. ನಾನು ಕೈ ನಿಧಾನ ಮಾಡಿ ಕಾದೆ. “ಅಪ್ಪಂಗ ಕೆಮ್ಮು ವಾಸಿ ಆಯ್ತದ ಅಲ್ವಾ?” ಎಂದು ಮಾತು ತಿರುಗಿಸಿಬಿಟ್ಟಳು. ಅವಳು ಕೇಳಲು ಹೊರಟಿದ್ದು ಯಾವ ಮಾತು ಅಂತ ನನಗೆ ಗೊತ್ತಿತ್ತು. ಅವರಪ್ಪನಿಗೆ ನಾನೇ ಹೇಳಬಹುದಿತ್ತು. ಆದರೆ ಅದು ಅವಳ ಜಾಗ, ಅವಳ ಕೆಲಸ. ಅಪ್ಪನಿಗೆ ಹುಷಾರಿಲ್ಲದಾಗ ತನ್ನದೊಂದು ಕೇಳುವುದು ತಪ್ಪು ಅಂದುಕೊಂಡಿದೆ ಕೂಸು. ತಪ್ಪಲ್ಲ ಎಂದು ಅವಳಿಗೇ ಅನ್ನಿಸಲಿ ಎಂದು ಸುಮ್ಮನಿದ್ದೆ.

ನಮ್ಮವರು ಕಂಬಳಿ ಹೊದ್ದು ಅಂಗಳಕ್ಕೆ ಬರುವಷ್ಟರಲ್ಲಿ ದೇವರಾಜು ಟ್ರಾಕ್ಟರನ್ನು ಒಂದು ಸುತ್ತು ಹಾಕಿದ.

“ಎರಡು ಥರ ಅದ ಅಣ್ಣ. ಮೇಲ ತಗಡು, ಸುತ್ತ ಟಾರ್ಪಾಲು, ಅದ್ಕ ಜಿಪ್ಪು. ಇಲ್ಲ ಅಂದ್ರ ಕಬ್ಬಿಣದ ಚೌಕಟ್ಟು, ಗಾಜು, ಬಾಗ್ಲು. ಒಂದು ಚೂರೂ ಗಾಳಿ ನುಗ್ಗಲ್ಲ.”

ಜಗಲಿಯ ಮೇಲೆ ಬಿಸಿಲು ಕಾಯುತ್ತಿದ್ದ ನಮ್ಮತ್ತೆ ಬಂಗಾರಮ್ಮ ನಕ್ಕರು. “ಬೇಕ್ರೀಲಿ ಗಾಜಿನೊಳ್ಗ ಬನ್ನು ಮಡಗಿರ್ತರಲ್ಲ, ಅಂಗ್ ಕಾಣ್ತೀಯ ಕಣ್ಲಾ ಮಗ!”

“ಬನ್ನು ಬೆಚ್ಚಗಿರ್ತದಲ್ಲ ಅಜ್ಜಿ!” ಎಂದ ದೇವರಾಜು.

ನಮ್ಮವರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ, “ಟಾರ್ಪಾಲು ಗಾಳಿಗ ಪಟಪಟ ಅಂತದ, ಏನೂ ಕೇಳ್ಸಲ್ಲ. ಗಾಜೇ ಇರ್ಲಿ ಬುಡು,” ಎಂದರು.

“ಗಾಜು ಅಂದ್ರ ಬಾಗ್ಲು ಈ ಮಡ್‌ಗಾರ್ಡಿನ ಮೇಲಿಂದ್ಲೇ ಏಳ್ಬೇಕು. ಚಿಕ್ಕ ಗಾಡಿ. ಒಳ್ಗ ಒಬ್ರಿಗೇ ಜಾಗ.”

“ಓಡ್ಸದು ಒಬ್ನೇ ತಾನೇ?”

ಬಿಂದು ಬಾಗಿಲಲ್ಲಿ ನಿಂತಿದ್ದಳು. ಒಂದು ಜಡೆ ಹಾಕಿತ್ತು, ಇನ್ನೊಂದು ಬಿಚ್ಚಿತ್ತು, ಕೈಯಲ್ಲಿ ಹಾಲಿಗೆಂದು ತಂದ ಲೋಟ. ದೇವರಾಜು ಕಿವಿಯ ಸಂದಿಯಿಂದ ಸೀಮೆಸುಣ್ಣ ತೆಗೆದು, ಟೇಪು ಹಿಡಿದು, ಎಡ ಮಡ್‌ಗಾರ್ಡಿನ ಮೇಲೆ ಗೆರೆ ಎಳೆದ. ಬಣ್ಣ ಸವೆದ ಜಾಗದ ನಟ್ಟನಡುವೆ ಬಿಳಿ ಗೆರೆ ಹಾದುಹೋಯಿತು.

ಅವಳು ಲೋಟ ಜಗಲಿಯ ಮೇಲಿಟ್ಟು ಅಂಗಳಕ್ಕಿಳಿದಳು. ಗೆರೆಯ ಹತ್ತಿರ ಹೋಗಿ ನಿಂತಳು. ಮುಟ್ಟಲಿಲ್ಲ.

“ಏನ್ ಕೂಸೇ?” ಎಂದರು ನಮ್ಮವರು.

ಅವಳು ನನ್ನತ್ತ ನೋಡಿದಳು. ನಾನು ಹಾಲಿನ ಚೊಂಬು ಹಿಡಿದುಕೊಂಡೇ ಇದ್ದೆ. ಕೊಟ್ಟಿಗೆಯಲ್ಲಿ ಕರು ಕೂಗುತ್ತಿತ್ತು. ಹೇಳು ಎನ್ನುವಂತೆ ತಲೆಯಾಡಿಸಿದೆ, ಅಷ್ಟೆ.

ಅಪ್ಪನಿಗೆ ಮತ್ತೆ ಕೆಮ್ಮು ಬಂತು. ಅದು ಪೂರ್ತಿ ನಿಲ್ಲುವವರೆಗೂ ಅವಳು ಕಾದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಗಟ್ಟಿಯಾಗಿಯೇ ಕೇಳಿದಳು:

“ಅಪ್ಪಾ, ನಾನೆಲ್ಲಿ ಕೂತ್ಕಳದು?”